ಐದು ಅಲಗಿನ ಪೇಚಕಸು ಮತ್ತು ಒಂದು ಡಬ್ಬಿ ಅಂಟು

ಟರ್ರ್ – ಟಕ್. ಟರ್ರ್ – ಟಕ್. ಆಳಂದದ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ನನ್ನ ಸೋದರತ್ತೆ ಹೊಲಿಗೆ ಮಷೀನಿನ ಹಿಡಿಕೆ ತಿರುವಿದಾಗ ಬರುತ್ತಿದ್ದ ಸದ್ದು ಇದು. ಟರ್ರ್ ಅನ್ನುವುದು ಮಷೀನಿನದು. ಟಕ್ ಅನ್ನುವುದು ಅದರ ಕೆಳಗಿನ ಕಟ್ಟಿಗೆಯ ಪೀಠದ್ದು. ನಮ್ಮ ಕಡೆಯ ಬಿಸಿಲಿಗೆ ಕಟ್ಟಿಗೆ ಒಣಗಿ ಪೀಠದ ಒಂದು ಮೂಲೆ ಬಾಯಿ ಬಿಟ್ಟಿತ್ತು. ಹಿಡಿಕೆ ಕೆಳಗೆ ಬಂದಾಗಲೆಲ್ಲ ಭಾರ ಆ ಮೂಲೆಯ ಮೇಲೆ ಬಿದ್ದು ಪೀಠ ನೆಲಕ್ಕೆ ಬಡಿಯುತ್ತಿತ್ತು, ಹೊಲಿಗೆ ಕೂದಲೆಳೆಯಷ್ಟು ಓರೆಯಾಗುತ್ತಿತ್ತು. ಅತ್ತಿ ನಿಲ್ಲಿಸುವಳು, ಬಟ್ಟೆ ಎತ್ತಿ ಕಣ್ಣಿಗೆ ಹಿಡಿಯುವಳು, ದಾರ ಬಿಚ್ಚುವಳು, ಮತ್ತೆ ತಿರುವುವಳು. ಟರ್ರ್ – ಟಕ್.

ಅತ್ತಿ ಅಪ್ಪನ ತಂಗಿ. ಹದಿನೇಳನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಗಂಡ ಕೊಡಿಸಿದ್ದ ಆ ಕೈಮಷೀನನ್ನು ತೊಡೆಯ ಮೇಲಿಟ್ಟುಕೊಂಡು, ಗಾಡಿಯಲ್ಲಿ ತವರಿಗೆ ಬಂದವಳು. ನಮ್ಮ ಅಜ್ಜಿಗೆ ನಾವೆಲ್ಲ ಆಯಿ ಅನ್ನುತ್ತಿದ್ದೆವು. ಆಯಿಯದು ಬಲು ಕಟ್ಟುನಿಟ್ಟಿನ ಮಡಿ. ಆ ಮಡಿಯ ಅಡುಗೆ ಅತ್ತಿಯ ಪಾಲಿಗೆ ಬಂತು. ನಸುಕಿನಲ್ಲಿ ತಣ್ಣೀರು ಹೊಯ್ದುಕೊಂಡು ಒಲೆಯ ಮುಂದೆ ಕೂತರೆ ಮಧ್ಯಾಹ್ನ ಎಲ್ಲರ ಊಟ ಮುಗಿಯುವ ತನಕ ಏಳುವಂತಿರಲಿಲ್ಲ. ಆಮೇಲೆ ಉಳಿದ ಹೊತ್ತು ಮಷೀನಿಗೆ. ಓಣಿಯ ಹೆಂಗಸರ ಕುಬಸ, ಮಕ್ಕಳ ಝಬಲಾ, ಏನು ಬಂದರೂ ಹೊಲಿಯುತ್ತಿದ್ದಳು.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಆಗ ಹದಿಮೂರು. ದೂರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ವಕೀಲಿ ಮಾಡುತ್ತಿದ್ದ ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಹುಚ್ಚು. ಬೇಸಿಗೆ ರಜೆಗೆ ಎರಡು ವಾರವಿದ್ದಾಗ ಅತ್ತಿಯ ಕಾಗದ ಬಂತು. ಹಾಸ್ಟೆಲಿನ ಸಿಸ್ಟರ್ ಪ್ರತಿಯೊಂದು ಕಾಗದವನ್ನೂ ಒಡೆದು ನೋಡುತ್ತಿದ್ದರು. ಕನ್ನಡ ಬಾರದಿದ್ದರೂ ನೋಡುತ್ತಿದ್ದರು, ರೂಲ್ಸ್ ಆರ್ ರೂಲ್ಸ್. ಈ ಕಾಗದವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, "ವಾಟ್ ಆರ್ ದೀಸ್ ಬ್ಲ್ಯಾಕ್ ಮೂನ್ಸ್?" ಎಂದು ಕೇಳಿದರು. ಕಾಗದದ ಕೆಳಗೆ ಇದ್ದಿಲಿನಿಂದ ತಿಕ್ಕಿದ ಆರು ಕಪ್ಪು ದುಂಡುಗಳಿದ್ದವು. ಪ್ರತಿ ದುಂಡಿನ ನಡುವೆ ಒಂದು ಬಿಳಿ ಗೆರೆ. ಮಷೀನಿನ ಪೇಚುಗಳ, ಅಂದರೆ ಸ್ಕ್ರೂಗಳ, ತಲೆಯ ಮೇಲೆ ಕಾಗದ ಒತ್ತಿ, ಮೇಲಿಂದ ಇದ್ದಿಲು ತಿಕ್ಕಿ, ಯಾವ ಪೇಚು ಎಷ್ಟು ದೊಡ್ಡದು, ಅದರ ಸೀಳು ಎಷ್ಟು ಅಗಲ ಎಂದು ಅತ್ತಿ ಅಳತೆ ಕಳಿಸಿದ್ದಳು.

ಅಫಜಲಪುರದ ಹುಡುಗಿಯರ ಶಾಲೆಗೆ ಹೊಲಿಗೆ ಕಲಿಸುವವರು ಬೇಕಾಗಿದ್ದಾರೆ ಎಂದು ಬರೆದಿದ್ದಳು. ಮಷೀನು ತಾವೇ ತರಬೇಕು. ದೊಡ್ಡ ಮೇಡಂ ಬಂದು ಕಣ್ಣೆದುರಿಗೆ ಹೊಲಿಸಿ ನೋಡುತ್ತಾರೆ. ಅಣ್ಣ ಹೋಗು ಅಂದಿದ್ದಾನೆ, ಆದರೆ ಈ ಕುಂಟು ಮಷೀನು ಒಯ್ದು ನಗೆಪಾಟಲಾಗುವುದಾದರೆ ಬೇಡ ಅಂದಿದ್ದಾನೆ. ಅವ್ವ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಊರ ಬಡಿಗ ಮಾದನಹಿಪ್ಪರಗಾದಲ್ಲಿ ಯಾರದೋ ಮನೆಯ ಬಾಗಿಲು ಕೂಡಿಸಲು ಹೋಗಿ ಕೂತಿದ್ದಾನೆ. ಮಷೀನು ಬಿಚ್ಚಿ ಪೀಠ ನಾನೇ ಕೂಡಿಸುತ್ತೇನೆ, ಅದಕ್ಕೆ ನೀನು ಬರುವಾಗ ಒಂದು ಪೇಚಕಸು ತಾ, ದೊಡ್ಡ ಪೇಚಿಗೂ ಸಣ್ಣ ಪೇಚಿಗೂ ಆಗುವಂಥದ್ದು. ಕಟ್ಟಿಗೆ ಹಿಡಿಯುವ ಗಟ್ಟಿ ಅಂಟು ತಾ. ನೋಡಿ ತಾ. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ನೋಡಿ ತರುವುದೊಂದೇ ನಾನು ಮಾಡದೆ ಹೋದ ಕೆಲಸ.

ಅಪ್ಪ ನನ್ನನ್ನು ಗುಲಬರ್ಗಾದಲ್ಲಿ ರೈಲಿನಿಂದ ಇಳಿಸಿಕೊಂಡು ಬಜಾರಿನ ಒಂದು ಕಬ್ಬಿಣದ ಸಾಮಾನಿನ ಅಂಗಡಿಗೆ ಕರೆದೊಯ್ದ. ಅತ್ತಿಯ ಕಾಗದ ನನ್ನ ಟ್ರಂಕಿನ ತಳದಲ್ಲಿತ್ತು. ಟ್ರಂಕು ಆಗಲೇ ಆಳಂದದ ಮೋಟಾರಿನ, ಅಂದರೆ ಬಸ್ಸಿನ, ಮೇಲೇರಿತ್ತು. ಅಂಗಡಿಯ ಚಾಚಾ ಬಿಳಿ ಗಡ್ಡದ ಸಾವಧಾನದ ಮನುಷ್ಯ. "ಏನ್ ಬೇಕ್ ಬೇಟಿ?" ಎಂದ.

"ಸ್ಕ್ರೂಡ್ರೈವರ್. ವಿತ್ ಡಿಫರೆಂಟ್ ಬಿಟ್ಸ್," ಎಂದೆ ನಾನು. ಐ ಆಸ್ಕ್ ಯೂ! ಮನೆಯಲ್ಲಿ ಎಲ್ಲರ ಬಾಯಲ್ಲೂ ಪೇಚಕಸು ಅನ್ನುವ ಮಾತಿತ್ತು, ನನ್ನ ಬಾಯಲ್ಲೂ ಇತ್ತು.

ಚಾಚಾ ಅಪ್ಪನ ಕಡೆ ನೋಡಿದ. "ವಕೀಲ್ ಸಾಬ್, ಮಗಳ್ನ ಸಾಲಿಗಿ ಕಳಿಸೀರೋ, ಇಂಗ್ಲೆಂಡಿಗಿ ಕಳಿಸೀರೋ?"

ಅಪ್ಪ ಹಿಗ್ಗಿ ನಕ್ಕು, ಪಕ್ಕದ ಅಂಗಡಿಯಲ್ಲಿ ಯಾರೋ ಕಕ್ಷಿದಾರ ಸಿಕ್ಕನೆಂದು ಅತ್ತ ಹೋದ. ಚಾಚಾ ನನ್ನ ಮುಂದೆ ಎರಡು ಬಿಡಿ ಪೇಚಕಸು ಇಟ್ಟ, ಒಂದು ದೊಡ್ಡದು, ಒಂದು ಬೆರಳುದ್ದದ್ದು. ಕಪ್ಪು ಕಬ್ಬಿಣ, ಒರಟು ಹಿಡಿ. ನನ್ನ ಕಣ್ಣು ಗಾಜಿನ ಪೆಟ್ಟಿಗೆಯೊಳಗಿನ ಇನ್ನೊಂದರ ಮೇಲಿತ್ತು. ಜೇನುಬಣ್ಣದ ಪಾಲಿಶಿನ ಹಿಡಿ, ಹಿತ್ತಾಳೆಯ ಮುಚ್ಚಳ. ಮುಚ್ಚಳ ತಿರುವಿದರೆ ಹಿಡಿಯ ಹೊಟ್ಟೆಯೊಳಗೆ ಐದು ಅಲಗು, ದೊಡ್ಡದರಿಂದ ಸಣ್ಣದರ ತನಕ. ಬೇಕಾದ್ದನ್ನು ಮೂತಿಗೆ ಸಿಕ್ಕಿಸಿಕೊಂಡರಾಯಿತು. ಬ್ಯೂಟಿಫುಲ್! ಮೈಮೇಲೆ ಇಂಗ್ಲಿಷ್ ಅಕ್ಷರ ಬೇರೆ.

"ಅದು ಬ್ಯಾಡ ಬೇಟಿ," ಎಂದ ಚಾಚಾ. ಅಲಗೊಂದನ್ನು ಸಿಕ್ಕಿಸಿ ನನ್ನ ಮುಂದೆಯೇ ಅಲ್ಲಾಡಿಸಿದ. "ನೋಡು, ಬಾಯಿ ಸಡ್ಲ ಅದ. ಜೋರ್ ಹಾಕಿದ್ರ ಹಿಡಿ ತಿರಗತದ, ಅಲಗು ನಿಂತಲ್ಲೇ ನಿಲ್ತದ. ಪೇಚಿನ ಅಳತಿ ತಂದೀ ಏನು? ಅಲಗು ಸೀಳಿನ ತುಂಬ ಕೂಡಬೇಕು. ಇಲ್ಲಾಂದ್ರ ಪೇಚಿನ ತಲಿ ತಿಂದು ಹಾಕ್ತದ."

"ಅಳತಿ ಟ್ರಂಕಿನಾಗ ಅದ," ಎಂದೆ.

"ಟ್ರಂಕು?"

"ಮೋಟಾರಿನ ಮ್ಯಾಲ."

ಚಾಚಾ ಆ ಜೇನುಬಣ್ಣದ್ದನ್ನೇ ಕಾಗದದಲ್ಲಿ ಸುತ್ತಿ ಕೊಟ್ಟ. ಅಂಟು ಕೇಳಿದಾಗ ಒಂದು ಗೋಣಿಚೀಲದಿಂದ ಬೆಲ್ಲದ ಚಿಕ್ಕಿಯ ಹಾಗೆ ಕಂದಾಗಿ ಹೊಳೆಯುವ ಬಿಲ್ಲೆಗಳನ್ನು ತೆಗೆದ. ಅದು ಬಡಿಗರು ವಾಪರಿಸುವ ಸರಸು. ನೀರಿನಲ್ಲಿ ನೆನೆಹಾಕಬೇಕು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು, ಬಿಸಿ ಇರುವಾಗಲೇ ಹಚ್ಚಬೇಕು. ಮೂಗಿನ ಹತ್ತಿರ ಹಿಡಿದೆ. ಸತ್ತ ದನದ ವಾಸನೆ. ಆಯಿಯ ಮನೆಯಲ್ಲಿ ಇದನ್ನು ಕುದಿಸುವುದೇ? ಅದರ ಪಕ್ಕದಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿ ಇತ್ತು. 'ರೆಡಿ ಫಾರ್ ಯೂಸ್' ಎಂದು ಬಂಗಾರದ ಅಕ್ಷರ. ಕಾಸುವುದು ಬೇಡ, ನೆನೆಹಾಕುವುದು ಬೇಡ. ಮುಂಭಾಗ ಓದಿ ಒಪ್ಪಿಬಿಟ್ಟೆ. ಡಬ್ಬಿಗೆ ಹಿಂಭಾಗವೂ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೇಡಂ ಅಫಜಲಪುರದ ಶಾಲೆಗೆ ಬರಲು ಹನ್ನೆರಡು ದಿನವಿತ್ತು. ಅತ್ತಿ ಪೇಚಕಸನ್ನು ಸೆರಗಿನಿಂದ ಒರೆಸಿ, ಮುಚ್ಚಳ ತಿರುವಿ, ಅಲಗುಗಳನ್ನು ಅಂಗೈ ಮೇಲೆ ಸುರಿದುಕೊಂಡಾಗ ಅವಳ ಮುಖ ನೋಡಬೇಕಿತ್ತು. ದೊಡ್ಡ ಅಲಗಿನಿಂದ ಹಿಡಿಕೆ ಕೂತ ತಿರುಗಣಿಯ ಎರಡು ಪೇಚು ಸಲೀಸಾಗಿ ಬಂದವು. ನಾನು ಚಪ್ಪಾಳೆ ತಟ್ಟಿದೆ. ಮೂರನೆಯದಕ್ಕೆ ನಡುವಿನ ಅಲಗು ಹಾಕಿದಳು. ಚಾಚಾ ಹೇಳಿದ ಹಾಗೆಯೇ ಆಯಿತು. ಹಿಡಿ ಗರಗರ ತಿರುಗಿತು, ಅಲಗು ಅಲುಗಲಿಲ್ಲ. ಅತ್ತಿ ಅಲಗಿನ ಬುಡಕ್ಕೆ ದಾರ ಸುತ್ತಿ ಬಿಗಿ ಮಾಡಿದಳು. ದಾರ ಹರಿಯಿತು. ಬಟ್ಟೆ ಸುತ್ತಿದಳು, ಅದು ಹೊರಗೆ ಬಂತು. ಸೂಜಿಯ ಕೆಳಗಿನ ತಗಡಿಗಿದ್ದ ಪುಟ್ಟ ಪೇಚಿಗೆ ಎಲ್ಲಕ್ಕೂ ಸಣ್ಣ ಅಲಗು ಹಾಕಿ ಒತ್ತಿದಾಗ ಅದು ಮೇಣದ ಹಾಗೆ ಬಾಗಿತು. ನಾನು ಟ್ರಂಕಿನಿಂದ ಕಾಗದ ತಂದು, ಇದ್ದಿಲಿನ ದುಂಡುಗಳ ಮೇಲೆ ಅಲಗುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಐದರಲ್ಲಿ ಮೂರು ಯಾವ ಸೀಳಿಗೂ ಸರಿಯಾಗಿ ಕೂಡುತ್ತಿರಲಿಲ್ಲ. ಅಂಗಡಿಯಲ್ಲಿ ಅರ್ಧ ನಿಮಿಷದ ಕೆಲಸ ಅದು! ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಬಾಗಿದ ಅಲಗನ್ನು ಅಂಗಳಕ್ಕೆ ಎಸೆದೆ.

"ಹೋಗಿ ಆರಿಸ್ಕೊಂಡ್ ಬಾ," ಎಂದಳು ಅತ್ತಿ. "ಛಲೋ ಚಂದ ಅದ ಬೇ ನಿನ್ನ ಪೇಚಕಸು. ಕೆಲಸಕ್ಕ ಬರಲಿಲ್ಲಂದ್ರ ದೇವರ ಮುಂದ ಇಟ್ಟು ಕುಂಕುಮ ಹಚ್ಚೂಣು."

ಬಾಗಿದ ಅಲಗನ್ನು ಅವಳು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದಳು. ಹೊಸ್ತಿಲ ಮೆಟ್ಟಿಲಿಗೆ ಉಜ್ಜಿ ಉಜ್ಜಿ ತುದಿ ತೆಳ್ಳಗೆ ಮಾಡಿ, ದುಂಡಿನ ಮೇಲಿಟ್ಟು ನೋಡಿ, ಮತ್ತೆ ಉಜ್ಜಿದಳು. ಅಡುಗೆಯ ನಡುವೆ ಸಿಕ್ಕ ಹೊತ್ತಿನಲ್ಲಿ ಇದೆಲ್ಲ ಆಗಲು ಮೂರು ದಿನ ಹೋದವು. ನಾಲ್ಕನೆಯ ದಿನ ಎಲ್ಲ ಪೇಚು ಬಿಚ್ಚಿದ್ದವು. ಪೀಠದ ಮೂಲೆಯಲ್ಲಿದ್ದ ಹಳೆಯ ಅಂಟನ್ನು ಚೂರಿಯಿಂದ ಕೆರೆದು, ಒರೆಸಿ, ಬಿಸಿಲಿಗಿಟ್ಟಳು. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ ಎಂಬುದು ಯಾರೂ ಹೇಳಿಕೊಡದೆ ಅವಳಿಗೆ ಗೊತ್ತಿತ್ತು.

ಆಮೇಲೆ ಡಬ್ಬಿ ತೆರೆದಳು.

ಆಯಿ ಆ ಕಡೆ ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು. "ಏನದು, ನಾರಲಾಕತ್ತದ?"

"ಅಂಟು ಅವ್ವ. ವಿಲಾಯತಿದು," ಎಂದಳು ಅತ್ತಿ.

"ಅದರ ಮ್ಯಾಲ ಏನ್ ಬರದಾರ? ಓದ್ ಬೇ," ಎಂದು ಆಯಿ ನನಗೆ ಹೇಳಿದಳು. ಮೊಮ್ಮಗಳ ಇಂಗ್ಲಿಷ್ ಕೇಳುವುದೆಂದರೆ ಅವಳಿಗೂ ಒಳಗೊಳಗೆ ಹಿಗ್ಗು. ಓಣಿಯವರು ಬಂದಾಗಲೆಲ್ಲ ಸಾಬೂನಿನ ಕಾಗದ, ಬಿಸ್ಕತ್ತಿನ ಪೆಟ್ಟಿಗೆ, ಏನು ಕೈಗೆ ಸಿಕ್ಕರೂ ನನ್ನಿಂದ ಓದಿಸುತ್ತಿದ್ದಳು.

ನಾನು ಡಬ್ಬಿ ತಿರುಗಿಸಿ, ಸಿಸ್ಟರ್ ಕಲಿಸಿದ ಪ್ರನೌನ್ಸಿಯೇಷನ್ನಿನಲ್ಲಿ, ಸಣ್ಣ ಅಕ್ಷರವನ್ನೂ ಬಿಡದೆ ಗಟ್ಟಿಯಾಗಿ ಓದಿದೆ. ಓದುತ್ತ ಓದುತ್ತ ನಾಲಿಗೆ ತಡವರಿಸಿತು.

"ಈಗ ಕನ್ನಡದಾಗ ಹೇಳು," ಎಂದಳು ಆಯಿ.

ಅತ್ತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬರೀ ಕಣ್ಣಲ್ಲಿ ಬೇಡ ಅಂದಳು. ಒಂದು ಮಾತು, ಯಾವುದಾದರೂ ಒಂದು ಮಾತು, ಗಿಡದ ಅಂಟು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಎಷ್ಟು ಚಿಕ್ಕದಿದ್ದರೂ ಆತ್ಮದ ಮೇಲೆ ಮಸಿಯ ಕಲೆ ಎಂದು ಪ್ರತಿ ಸೋಮವಾರ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಹೇಳಿಸಿಕೊಂಡು ಬಂದ ಹುಡುಗಿ ನಾನು. ಆ ಕ್ಲಾಸಿನಲ್ಲಿ ನನಗೆ ಪ್ರೈಜ್ ಬಂದಿತ್ತು.

"ಮೀನಿನ ಚರ್ಮದಿಂದ ಮಾಡ್ಯಾರಂತ, ಆಯಿ."

ಆಯಿ ಕೂಗಾಡಲಿಲ್ಲ. ಮೊರ ಕೆಳಗಿಟ್ಟಳು. "ಮಷೀನು ಹೊರಗ."

"ಇನ್ನಾ ಹಚ್ಚಿಲ್ಲವ್ವ. ಡಬ್ಬಿ ಅಷ್ಟ ತೆರದೀನಿ."

"ಆ ಕೈಲೆ ಮಷೀನು ಮುಟ್ಟೀದಿ. ಹೊರಗ. ನೀ ತಲಿಮ್ಯಾಲ ನೀರ್ ಹಾಕ್ಕೊಂಡು ಒಳಗ ಬಾ."

ಮಷೀನು ದನದ ಕೊಟ್ಟಿಗೆಗೆ ಹೋಯಿತು. ಡಬ್ಬಿ ತಿಪ್ಪೆಗೆ ಹೋಯಿತು. ನನ್ನನ್ನು ಯಾರೂ ಬಯ್ಯಲಿಲ್ಲ. ಖರೇ ಹೇಳಿದ್ದಕ್ಕೆ ಆಯಿ ನನಗೆ ಒಂದು ಹೆಂಟೆ ಬೆಲ್ಲ ಕೊಟ್ಟಳು. ನಾನು ಅದನ್ನು ತಿಂದೆ. ಇಷ್ಟು ವರ್ಷವಾದರೂ ಅದೊಂದು ನನ್ನ ಗಂಟಲಿನಿಂದ ಇಳಿದಿಲ್ಲ.

ಅಪ್ಪ ಕೋರ್ಟಿನಿಂದ ಬಂದು, ಸುದ್ದಿ ಕೇಳಿ, ಜಗಳಕ್ಕೆ ಅಂಜಿ, ಮಾದನಹಿಪ್ಪರಗಾದಿಂದ ಬಡಿಗನನ್ನು ಕರೆಸಿದ. ಆಯಿ ಬಾಗಿಲಲ್ಲಿ ನಿಂತು ಅಪ್ಪಣೆ ಮಾಡಿದಳು: "ಪ್ರಾಣಿದು ಅನ್ನೂದು ಏನೂ ಇರಬಾರದು. ತಿಳೀತಾ?"

"ತಿಳೀತ್ರೀ ಅಮ್ಮಾರ," ಎಂದ ಬಡಿಗ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ ಕುದಿಸಿ ಅಂಟು ಮಾಡಿದ. ಪೀಠದ ಮೂಲೆಗೆ ಹಚ್ಚಿ, ಹಗ್ಗ ಬಿಗಿದು, ಸಡಿಲವಾದ ಪೇಚಿನ ತೂತುಗಳಿಗೆ ಕಡ್ಡಿ ತುರುಕಿದ. ಮೂರು ದಿನ ಮುಟ್ಟಬೇಡಿ ಎಂದ. ಮೂರು ದಿನ ಯಾರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಅತ್ತಿ ಕೊಟ್ಟಿಗೆಯಲ್ಲಿ ಕೂತು ಹಿಡಿಕೆ ತಿರುವಿದಳು. ಹತ್ತು ಸುತ್ತು ಸುಖವಾಗಿ ಹೋದವು. ಹನ್ನೊಂದನೆಯದಕ್ಕೆ ಮೂಲೆ ಮತ್ತೆ ಬಾಯಿ ಬಿಟ್ಟಿತು.

ಬಡಿಗ ತಲೆ ಕೆರೆದುಕೊಂಡ. "ಇದು ಗಾಳಿಪಟಾ ಅಂಟಿಸೋ ಅಂಟು ತಾಯಿ, ಕಟ್ಟಿಗಿಂದಲ್ಲ. ಕಟ್ಟಿಗಿಗಿ ಸರಸು ಬೇಕು. ದನದ ಚಕ್ಕಳದ ಸರಸು." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮ ದೇವರ ಮಂಟಪ ಹ್ಯಾಂಗ ನಿಂತದ ಅಂತೀರಿ? ನಮ್ಮಪ್ಪ ಕೂಡ್ಸಿದ್ದು. ಅದ ಸರಸಿನಾಗ ಕೂಡ್ಸಿದ್ದು. ಅಮ್ಮಾರು ಕುಂದ್ರೂ ಮಣಿ, ತೊಟ್ಟಲಾ, ಬಾಗಿಲಾ, ಎಲ್ಲಾ ಅದ್ರಾಗ. ಇಲ್ಲೀತನಕಾ ಯಾರ್ ಕೇಳ್ಯಾರ್ರೀ?"

ಹಾಗಾದರೆ ಇಷ್ಟೆಲ್ಲ ಯಾತಕ್ಕೆ! ಒಳಗೆ ಓಡಲು ಎದ್ದೆ. ಅತ್ತಿ ನನ್ನ ಲಂಗ ಹಿಡಿದು ಕೂರಿಸಿದಳು.

"ಎಲ್ಲಿ ಹೊಂಟೀ?"

"ಆಯಿಗೆ ಹೇಳ್ತೇನಿ. ಇಟ್ ಈಸ್ ದ ಟ್ರುತ್."

"ಬ್ಯಾಡ ಬೇ. ಹೇಳಿದ್ರ ಮಂಟಪ ಹೊರಗ ಹಾಕ್ತಾಳ. ಮಷೀನು ಒಳಗ ತರಂಗಿಲ್ಲ."

ಬಡಿಗ ನಕ್ಕ. ಅತ್ತಿ ನಗಲಿಲ್ಲ. ಸರಸು ಕುದಿಸಿ ಹಚ್ಚಿಕೊಡು ಎಂದು ಕೇಳಿದಳು. ಅವನು ಕೈಮುಗಿದ. ಆಯಿ ಬಾಯಿಬಿಟ್ಟು ಬೇಡ ಅಂದ ಮೇಲೆ ಆ ಮನೆಯೊಳಗೆ ಅವನು ಹೇಗೆ ಹಚ್ಚಿಯಾನು? ಅದೂ ಖರೇ. ಕೇಳದೆ ಇದ್ದಷ್ಟು ದಿನ ಎಲ್ಲ ನಡೆದಿತ್ತು. ಕೇಳಿಸಿದವಳು ನಾನು.

ಅಪ್ಪ ಊಟಕ್ಕೆ ಕೂತಾಗ, "ಈ ಸಲ ಬಿಡು. ಮುಂದ ಮತ್ತೊಂದು ಜಾಗಾ ಬಂದ್ರ ನೋಡೂಣು," ಎಂದ. ಅತ್ತಿ ಅವನ ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಒಲೆ ಹತ್ತಿರಲಿಲ್ಲ. ಹಿತ್ತಲಿಗೆ ಹೋದೆ. ಅತ್ತಿ ಕೊಟ್ಟಿಗೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಪೀಠವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹುಣಸೆಬೀಜದ ಅಂಟನ್ನು ಬಿಸಿನೀರಿನಿಂದ ತೊಳೆದು ಒಣಗಿಸಿಯಾಗಿತ್ತು. ತಿಪ್ಪೆಯಿಂದ ತೆಗೆದ ಡಬ್ಬಿ ಪಕ್ಕದಲ್ಲಿತ್ತು. ಕಡ್ಡಿಯಿಂದ ಎರಡೂ ಮೈಗೆ ತೆಳ್ಳಗೆ ಅಂಟು ಸವರುತ್ತಿದ್ದಳು. ಆಯಿ ಹಿತ್ತಲ ಬಾಗಿಲಿಗೆ ಬಂದಳು.

"ಏನ್ ಮಾಡ್ಲಾಕತ್ತೀ?"

"ಅಂಟು ಹಚ್ಚಲಾಕತ್ತೇನಿ."

"ಆ ಕೈಲೆ ನನ್ನ ಅಡಗಿ ಮನ್ಯಾಗ ಕಾಲ್ ಇಡಬ್ಯಾಡ."

"ಇಲ್ಲವ್ವ. ಇಡಂಗಿಲ್ಲ."

ಆಯಿ ಒಳಗೆ ಹೋದಳು. ಮಗಳು ತಲೆ ಎತ್ತಲಿಲ್ಲ. ನಾನು ಹಗ್ಗ ಹಿಡಿಯಲು ಹೋದರೆ ಅತ್ತಿ ಮೊಣಕೈಯಿಂದ ನನ್ನನ್ನು ದೂರ ಸರಿಸಿದಳು. "ನೀ ಮುಟ್ಟಬ್ಯಾಡ. ನೀ ಒಳಗ ಉಣಬೇಕಾದಾಕಿ." ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಯಿಂದ ಎಳೆದು, ಒಬ್ಬಳೇ ಬಿಗಿದಳು. ಅವತ್ತು ನನ್ನ ತಾಯಿ ಅಡುಗೆ ಮಾಡಿದಳು. ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಯಾರೂ ಉಪ್ಪು ಕೇಳಲಿಲ್ಲ.

ಅಂಟು ಹಿಡಿಯಿತು. ಕಲ್ಲಿನ ಹಾಗೆ ಹಿಡಿಯಿತು. ಎರಡು ದಿನ ಬಿಟ್ಟು, ಹೊಸ್ತಿಲಿಗೆ ಉಜ್ಜಿದ ಆ ಅಲಗಿನಿಂದ ಪುಟ್ಟ ಪೇಚುಗಳನ್ನು, ದೊಡ್ಡ ಅಲಗಿನಿಂದ ತಿರುಗಣಿಯ ಪೇಚುಗಳನ್ನು ಕೂಡಿಸಿ ಅವಳು ಮಷೀನು ತಿರುವಿದಾಗ ಬರೀ ಟರ್ರ್ ಎಂದು ಒಂದೇ ಸದ್ದು ಬಂತು. ಅಪ್ಪ ಅಫಜಲಪುರಕ್ಕೆ ಗಾಡಿ ಹೇಳಿ ಕಳಿಸಿದ. ಅತ್ತಿ ಮಷೀನಿಗೆ ಕೌದಿ ಸುತ್ತಿ ಗಾಡಿ ಹತ್ತಿದಳು. ಆಯಿ ಹೊರಗೆ ಬರಲಿಲ್ಲ. ಮೇಡಂ ನಿಂತು ನೋಡಿದರು, ಗೆರೆ ಎಳೆದಂಥ ಹೊಲಿಗೆ ಬಿತ್ತು, ಜಾಗ ಸಿಕ್ಕಿತು ಎಂದು ಗಾಡಿಯವನು ಬಂದು ಹೇಳಿದ. "ಅಲ್ಲೇ ಇರಲಿ," ಎಂದಳು ಆಯಿ.

ಅತ್ತಿ ಅಲ್ಲೇ ಇದ್ದಳು. ಹಬ್ಬಕ್ಕೆ ಯಾರೂ ಕರೆಯಲಿಲ್ಲ, ಅವಳಾಗಿ ಬರಲಿಲ್ಲ. ಕಾನ್ವೆಂಟಿನಲ್ಲಿ ನಾನು ಇದನ್ನೆಲ್ಲ ಸಿಸ್ಟರಿಗೆ ಹೇಳಿದೆ. "ಬಟ್ ಯೂ ಟೋಲ್ಡ್ ದ ಟ್ರುತ್, ಚೈಲ್ಡ್," ಎಂದು ಅವರು ತಲೆ ಸವರಿದರು. ಆ ಪ್ರೈಜಿನ ಪುಸ್ತಕವನ್ನು ಅವತ್ತು ಪೆಟ್ಟಿಗೆಯ ತಳಕ್ಕೆ ಹಾಕಿದವಳು ಮತ್ತೆ ತೆಗೆಯಲಿಲ್ಲ. ಅತ್ತಿಗೆ ತಪ್ಪಾಯಿತು ಅಂತ ಬರೆಯಲು ಎಷ್ಟೋ ಸಲ ಕೂತೆ. ಕನ್ನಡದಲ್ಲಿ ಬರೆದರೆ ಅಳು ಬರುತ್ತಿತ್ತು, ಇಂಗ್ಲಿಷಿನಲ್ಲಿ ಬರೆದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಬರೆದು ಹರಿದದ್ದೇ ಆಯಿತು.

ನಲವತ್ತರ ದಶಕದ ನಡುವೆ, ಮದುವೆಯಾದ ಮೇಲೆ, ಗಂಡನ ಜೊತೆ ಬಿಜಾಪುರದ ಕಡೆ ಹೊರಟಿದ್ದೆ. ನಮ್ಮ ಮೋಟಾರು ಜೇವರ್ಗಿಯಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಂತಿತು. ರಸ್ತೆಯ ಆಚೆ ಒಂದು ಮನೆಯ ಕಟ್ಟೆಯ ಮೇಲೆ ಏಳೆಂಟು ಹುಡುಗಿಯರು ಬಟ್ಟೆ ಹರವಿಕೊಂಡು ಕೂತಿದ್ದರು. ನಡುವೆ ಕನ್ನಡಕ ಹಾಕಿದ ಒಬ್ಬ ಹೆಂಗಸು. ನಾನು ಚಪ್ಪಲಿ ಬಿಟ್ಟು ಇಳಿದು ಓಡಿದೆ.

"ಅತ್ತಿ!"

ಅವಳು ಕನ್ನಡಕದ ಮೇಲಿಂದ ನೋಡಿದಳು. "ಅಯ್ಯ, ನನ್ನ ಇಂಗ್ಲಿಷ್ ಮೇಡಂ! ಎಷ್ಟು ದೊಡ್ಡಾಕಿ ಆಗೀಬೇ. ಆ ಟೊಪಗಿ ಹಾಕ್ಕೊಂಡಾಂವ ನಿನ್ನ ಗಂಡೇನು? ಛಲೋ ಅದಾನಿಲ್ಲೋ?" ಒಂದೇ ಉಸಿರಿಗೆ ಎಲ್ಲ ಕೇಳಿ, ಒಬ್ಬ ಹುಡುಗಿಯ ಕೈಯಿಂದ ಕುಬಸ ಕಸಿದುಕೊಂಡಳು. "ಇಕಿ ನೋಡು, ತೋಳು ತಿರುವಿ ಹಚ್ಯಾಳ. ಇದನ್ನ ಹಾಕ್ಕೊಂಡಾಕಿ ಹಿಂದಕ್ ಹಿಂದಕ್ ನಡೀಬೇಕು." ಹುಡುಗಿಯರು ನಕ್ಕರು. ಅಫಜಲಪುರ ಬಿಟ್ಟು ಇಲ್ಲಿ ತನ್ನದೇ ಕ್ಲಾಸು ಹಾಕಿ ಮೂರು ವರ್ಷವಾಯಿತಂತೆ.

"ಅತ್ತಿ, ನಾ ನಿನಗೊಂದು ಮಾತು ಹೇಳಬೇಕು."

"ಹೇಳೂದಾದ್ರ ಕುಂತು ಹೇಳಬೇಕು. ನಿನ್ನ ಮೋಟಾರು ಒದರಲಾಕತ್ತದ." ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಕೊಡುವ ಮುಂದೆ ಕೈ ಹಿಂದೆ ತೆಗೆದು ತಮಾಷೆಗೆ, "ಕುಡೀತೀ? ಕುಡಿ. ನಿಮ್ಮ ಆಯಿಗೆ ಹೇಳಂಗಿಲ್ಲ ನಾ," ಎಂದಳು.

"ಆಯಿ ತೀರಿಕೊಂಡು ಎರಡು ವರ್ಷ ಆತಲ್ಲ, ಅತ್ತಿ."

ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ಅವಳಿಗೆ ಯಾರೂ ತಿಳಿಸಿರಲಿಲ್ಲ. ಅಪ್ಪ ಕಾಗದ ಹಾಕೀನಿ ಎಂದಿದ್ದ. ಅಫಜಲಪುರದ ವಿಳಾಸಕ್ಕೆ ಹಾಕಿರಬೇಕು.

"ಹೌದಾ," ಎಂದಳು. ತಂಬಿಗೆ ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ, ಅರ್ಧ ಎದೆಯ ಮೇಲೆ ಚೆಲ್ಲಿತು. ಮೋಟಾರಿನ ಹಾರ್ನು ಮತ್ತೆ ಆಯಿತು, ಗಂಡ ಆಚೆಯಿಂದ ಕೈ ಬೀಸಿ ಕರೆದ. ತಂಬಿಗೆ ಇಸಿದುಕೊಂಡು ಅತ್ತಿ, "ಹೋಗು, ಬಿಟ್ಟು ಹೋಗ್ತದ," ಎಂದಳು. ಕಿಟಕಿಯಿಂದ ನೋಡಿದೆ. ಅವಳು ಹುಡುಗಿಯರ ನಡುವೆ ಕೂತು, ತಪ್ಪು ಹಚ್ಚಿದ ತೋಳನ್ನು ಹಲ್ಲಿನಿಂದ ದಾರ ಕಡಿದು ಕಡಿದು ಬಿಚ್ಚುತ್ತಿದ್ದಳು. ಹುಡುಗಿಯರು ಈಗ ನಗುತ್ತಿರಲಿಲ್ಲ. ಮೋಟಾರು ತಿರುಗಿತು. ಅತ್ತಿಯನ್ನು ನಾನು ಕಂಡದ್ದು ಅದೇ ಕೊನೆ.